ಕಟಿಂಗ್ ಪೇಪರ್ ಯಾರದು? ಬಟ್ಟೆ ಕೊಡುವ ಮೊದಲೇ ಕೇಳಿಕೊಳ್ಳಿ

ಮೈಗೆ ಸರಿಯಾಗಿ ಕೂರುವಂತೆ ಬ್ಲೌಸ್ ಹೊಲಿಯುವ ಟೈಲರ್ ಸಿಗುವುದು ಪುಣ್ಯ. ಅವರು ಅಂಗಡಿ ಮುಚ್ಚಿದರೆ, ಅಥವಾ ನಾವೇ ಊರು ಬಿಟ್ಟರೆ, ಹೊಸಬರ ಕೈಯಲ್ಲಿ ಒಂದೆರಡು ಬ್ಲೌಸ್ ಕೆಡದೆ ಅಳತೆ ಕೂಡಿಬರುವುದಿಲ್ಲ. ಹೊಲಿಗೆಗೆ ದುಡ್ಡು ಕೊಟ್ಟ ಮೇಲೆ ಕಟಿಂಗ್ ಪೇಪರ್, ಅಂದರೆ ನಮ್ಮ ಅಳತೆಗೆ ಬಟ್ಟೆ ಕತ್ತರಿಸಲು ತುಂಡುಗಳ ಆಕಾರ ಬರೆದಿಟ್ಟ ಕಾಗದ, ನಮ್ಮದಲ್ಲವೇ ಎಂದು ಆಗ ಅನ್ನಿಸುತ್ತದೆ. ಸಾಮಾನ್ಯವಾಗಿ ಅಲ್ಲ. ಆದರೆ ಕೇಳಿ ಪಡೆಯಲು ದಾರಿಯಿದೆ.

ಮೊದಲು ಪೇಪರ್ ಇದೆಯೇ ಎಂದು ವಿಚಾರಿಸಿ. ಅನೇಕ ಟೈಲರ್‌ಗಳು ಅಳತೆ ಪುಸ್ತಕ ನೋಡಿಕೊಂಡು ನೇರವಾಗಿ ಬಟ್ಟೆಯ ಮೇಲೆಯೇ ಚಾಕ್‌ನಿಂದ ಗೆರೆ ಎಳೆಯುತ್ತಾರೆ. ಅಂಥ ಕಡೆ ಪುಸ್ತಕದಲ್ಲಿ ನಿಮ್ಮ ಅಳತೆಯಿರುವ ಪುಟದ ಫೋಟೊ ತೆಗೆದುಕೊಂಡರೆ ಸಾಕು. ಎದೆ, ಭುಜ, ತೋಳಿನ ಸುತ್ತಳತೆ ನಿಮ್ಮ ಮೈಯ ಅಂಕಿಗಳು. ಕೇಳಲು ಸಂಕೋಚ ಬೇಡ.

ಪೇಪರ್ ಇದ್ದರೆ ಕಾನೂನು ಏನನ್ನುತ್ತದೆ ಎಂಬುದು ಗೊತ್ತಿರಲಿ. 1957ರ ಕೃತಿಸ್ವಾಮ್ಯ ಕಾಯ್ದೆ ರೇಖಾಚಿತ್ರ, ನಕ್ಷೆಗಳನ್ನೂ ಕಲಾಕೃತಿಗಳ ಸಾಲಿಗೆ ಸೇರಿಸುತ್ತದೆ. 17ನೇ ಸೆಕ್ಷನ್ ಪ್ರಕಾರ ಮೊದಲ ಹಕ್ಕು ಬರೆದವರದು. ಸಂಬಳಕ್ಕಿರುವ ಕಟಿಂಗ್ ಮಾಸ್ಟರ್ ಬರೆದರೆ ಮಾಲೀಕರದು. ದುಡ್ಡು ಕೊಟ್ಟು ತೆಗೆಸಿದ ಫೋಟೊ, ಬರೆಸಿದ ಭಾವಚಿತ್ರದ ಹಕ್ಕು ಬರೆಸಿದವರಿಗೇ ಸೇರುತ್ತದೆ, ಆದರೆ ಆ ವಿನಾಯಿತಿಯಲ್ಲಿ ಬಟ್ಟೆಯ ಕಟಿಂಗ್ ಇಲ್ಲ. ಎಲ್ಲರೂ ಹಾಕುವ ಸಾದಾ ಕಟಿಂಗ್‌ನಲ್ಲಿ ಸ್ವಂತಿಕೆ ಕಡಿಮೆ, ಹಾಗಾಗಿ ಅದರ ಮೇಲೆ ಹಕ್ಕು ಸಾಧಿಸುವುದು ಟೈಲರ್‌ಗೂ ಕಷ್ಟ. ಬೇರೆ ಮಾತಾಗಿಲ್ಲದಿದ್ದರೆ ಕಾಗದ ಮಾತ್ರ ಅವರದೇ.

ಸೂಟುಗಳಿಗೆ ಹೆಸರಾದ ಲಂಡನ್ನಿನ ಸ್ಯಾವಿಲ್ ರೋ ಬೀದಿಯಲ್ಲೂ ಗ್ರಾಹಕರ ಹೆಸರು ಬರೆದ ಕಂದು ಕಾಗದದ ಕಟಿಂಗ್‌ಗಳು ಅಂಗಡಿಯಲ್ಲೇ ಉಳಿಯುತ್ತವೆ. ಬ್ರಿಟನ್‌ನಲ್ಲಿ ಹೇಳಿ ಮಾಡಿಸಿದ ವಿನ್ಯಾಸದ ಹಕ್ಕು ಮೊದಲು ಮಾಡಿಸಿದವರಿಗೆ ಸೇರುತ್ತಿತ್ತು. 2014ರ ಅಕ್ಟೋಬರ್‌ನಿಂದ, ಬೇರೆ ಒಪ್ಪಂದವಿಲ್ಲದಿದ್ದರೆ, ವಿನ್ಯಾಸ ಮಾಡಿದವರದು. ಇದು ನ್ಯಾಯವೆಂದೇ ನನ್ನ ಅಭಿಪ್ರಾಯ. ಒಂದು ಭುಜ ತುಸು ಇಳಿದಿರುವುದನ್ನು ಕಣ್ಣಳತೆಯಲ್ಲೇ ಕಂಡು ಕಾಲಿಂಚು ತಿದ್ದುವುದು ವರ್ಷಗಟ್ಟಲೆ ಕಲಿತ ವಿದ್ಯೆ. ನಾವು ಕೊಡುವ ಹೊಲಿಗೆ ಕೂಲಿಯಲ್ಲಿ ಅದರ ಬೆಲೆ ಸೇರಿರುವುದಿಲ್ಲ.

ಆದ್ದರಿಂದ ಬಟ್ಟೆ ಕೊಡುವ ಮೊದಲೇ ಮಾತಾಡಿ, ಪೇಪರಿನ ಪ್ರತಿಗೆ ಬೇರೆ ಹಣ ಕೊಡುವುದಾಗಿ ಹೇಳಿ. ಕೊನೆಯ ಟ್ರಯಲ್ ಆದ ಮೇಲೆ ತಿದ್ದಿದ ಪೇಪರಿನ ಪ್ರತಿಯನ್ನೇ ಪಡೆಯಿರಿ. ಬಿಲ್ಲಿನ ಮೇಲೆ ಹೀಗೆ ಬರೆಸಿ ಸಹಿ ಹಾಕಿಸಿಕೊಳ್ಳಿ: ‘ಕಟಿಂಗ್ ಪೇಪರಿನ ಒಂದು ಪ್ರತಿ ಕೊಟ್ಟಿದೆ. ಗ್ರಾಹಕರು ತಮ್ಮ ಬಟ್ಟೆಗಳಿಗೆ ಯಾರ ಬಳಿ ಬೇಕಾದರೂ ಶಾಶ್ವತವಾಗಿ ಬಳಸಬಹುದು.’ ‘ಶಾಶ್ವತವಾಗಿ’ ಎಂಬುದನ್ನು ಬಿಡಬೇಡಿ, ಅವಧಿ ಬರೆಯದಿದ್ದರೆ ಕಾಯ್ದೆ ಐದೇ ವರ್ಷ ಎಂದು ಎಣಿಸುತ್ತದೆ. ಆ ಪ್ರತಿಯನ್ನು ಮಾರುವುದು, ನಕಲು ಮಾಡಿ ಹಂಚುವುದು ಬೇಡ.

ಕೊಡಲು ಒಪ್ಪದಿದ್ದರೆ ಒತ್ತಾಯಿಸಬೇಡಿ. ಚೆನ್ನಾಗಿ ಕೂರುತ್ತಿದ್ದ, ಈಗ ಸವೆದಿರುವ ಬ್ಲೌಸ್ ಒಂದನ್ನು ಆರಿಸಿ ಅದರ ಅರ್ಧ ಭಾಗವನ್ನು ಮಾತ್ರ ಬಿಚ್ಚಿ; ಯಾವ ತುಂಡು ಎಲ್ಲಿ ಸೇರುತ್ತದೆ ಎಂಬುದನ್ನು ಉಳಿದರ್ಧ ತೋರಿಸುತ್ತದೆ. ಬಿಚ್ಚಿದ ತುಂಡುಗಳನ್ನು ಎಳೆದಾಡದೆ ಇಸ್ತ್ರಿ ಒತ್ತಿ, ಕಾಗದದ ಮೇಲೆ ಹರಡಿ, ಗುಂಡುಸೂಜಿ ಚುಚ್ಚಿ. ಬಟ್ಟೆಯ ಅಂಚನ್ನು ನಂಬಬೇಡಿ, ಹಳೆಯ ಹೊಲಿಗೆಯ ತೂತುಗಳ ಸಾಲಿನಲ್ಲೇ ಗೆರೆ ಎಳೆಯಿರಿ. ಹೊಲಿಗೆಗೆ ಬೇಕಾದ ಮಾರ್ಜಿನ್ ಆಮೇಲೆ ಸೇರಿಸಿ. ಬಟ್ಟೆಯ ಉದ್ದೆಳೆ ಯಾವ ಕಡೆಗಿದೆ ಎಂದು ಬಾಣದ ಗುರುತು ಹಾಕಿ, ಟಕ್ಸ್‌ನ (ಮೈಗೆ ಕೂರಲು ಬಟ್ಟೆ ಮಡಿಸಿ ಹಾಕುವ ಹೊಲಿಗೆಯ) ತುದಿಗೆ ಚುಕ್ಕೆ ಇಡಿ. ಕಂಕುಳಿನ ಬಾಗಿನಲ್ಲಿ ಬಟ್ಟೆ ಓರೆಯಾಗಿರುವುದರಿಂದ ಬೇಗ ಹಿಗ್ಗುತ್ತದೆ. ಆ ಬಾಗಿನ ಉದ್ದವನ್ನೂ ತೋಳಿನ ಮೇಲಂಚಿನ ಉದ್ದವನ್ನೂ ಟೇಪು ಹಿಡಿದು ತಾಳೆ ನೋಡಿ. ರೇಷ್ಮೆಗೆ ಕತ್ತರಿ ಹಾಕುವ ಮುನ್ನ ಲೈನಿಂಗ್ ಬಟ್ಟೆಯಲ್ಲಿ ಒಮ್ಮೆ ಹೊಲಿದು ತೊಟ್ಟು ನೋಡಿ, ತಿದ್ದಿದ ಪೇಪರಿನ ಮೇಲೆ ದಿನಾಂಕ ಬರೆದಿಡಿ.