ಎರಡು ಡಿಡಿ ಇದ್ದ ಕೊಲೆ ಕೇಸಿನಲ್ಲಿ ಬಿಡುಗಡೆ ವಿರುದ್ಧ ಅಪೀಲು: ನನ್ನ ಅನುಭವ

ಎರಡು ಡಿಡಿ (ಡೈಯಿಂಗ್ ಡಿಕ್ಲರೇಷನ್, ಸಾಯುವ ಮುನ್ನ ಕೊಟ್ಟ ಹೇಳಿಕೆ), ಒಂದಕ್ಕೊಂದು ಉಲ್ಟಾ. ಸೆಷನ್ಸ್ ಕೋರ್ಟಿನಲ್ಲಿ ಬಿಡುಗಡೆ. ಸರ್ಕಾರವೂ ಅಪೀಲು ಬೇಡ ಅಂದಿದೆ. ಇಂಥ ಫೈಲು ಹಿಡಿದುಕೊಂಡು ಬಂದಾಗ ಧಾರವಾಡ ಪೀಠದಲ್ಲಿ ಹಿರಿಯರು ಕೊಟ್ಟ ಸಲಹೆ ಒಂದೇ: "ಅಡ್ಮಿಷನ್‌ನಲ್ಲೇ ವಜಾ ಆಗೋ ಕೇಸು, ಪಾಪದವರ ದುಡ್ಡು ಹಾಳು ಮಾಡಬೇಡ." ಈಗ ಆ ಕೇಸಿನಲ್ಲಿ ಗಂಡನಿಗೆ ಜೀವಾವಧಿ ಆಗಿದೆ. ಅದೇ ಹಿರಿಯರಲ್ಲಿ ಇಬ್ಬರು, ಈ ಕೇಸಿಗೆ ನಾನು ಗಂಟೆ ಲೆಕ್ಕದಲ್ಲಿ ಕಟ್ಟಿದ ಚಾರ್ಟಿನ ಝೆರಾಕ್ಸ್ ಕೇಳಿದರು. ಹೇಗೂ ಕೇಳುತ್ತಿದ್ದಾರೆ, ಬರೆದೇ ಇಡೋಣ ಅನ್ನಿಸಿತು. ಡಿಡಿಯನ್ನು ಸಾಕ್ಷ್ಯವಾಗಿ ಒಪ್ಪುವ ಹಳೆಯ ಸಾಕ್ಷ್ಯ ಕಾಯ್ದೆಯ 32(1) ಎಂದರೇನು, ಅಪೀಲು ಹಾಕುವುದು ಹೇಗೆ ಅಂತ ಹೇಳುತ್ತಾ ಕೂರುವುದಿಲ್ಲ. ಕ್ರಿಮಿನಲ್ ಸೈಡಿನಲ್ಲಿ ಕೆಲಸ ಮಾಡುವವರಿಗೆ ಅದು ಗೊತ್ತಿರುವುದೇ.

ಕೇಸು 2014ರದ್ದು. ಮದುವೆಯಾಗಿ ನಾಲ್ಕೈದು ವರ್ಷವಾದ ಹೆಣ್ಣುಮಗಳು. ಮಕ್ಕಳಿರಲಿಲ್ಲ. ರಾತ್ರಿ ಮನೆಯೊಳಗೆ ಬೆಂಕಿ, ಶೇ. 70ರ ಆಸುಪಾಸು ಸುಟ್ಟಗಾಯ. ತಾಲೂಕು ಆಸ್ಪತ್ರೆಗೆ ಕರೆತಂದದ್ದು ಗಂಡ. ಅಲ್ಲಿಂದ ಜಿಲ್ಲಾ ಕೇಂದ್ರದ ದೊಡ್ಡ ಆಸ್ಪತ್ರೆಗೆ. ಅದೇ ರಾತ್ರಿ ಎಎಸ್‌ಐ ಬರೆದುಕೊಂಡ ಹೇಳಿಕೆಯಲ್ಲಿ ಸ್ಟವ್ ಸಿಡಿಯಿತು ಅಂತಿದೆ. ಮರುದಿನ ಬೆಳಿಗ್ಗೆ ತಹಶೀಲ್ದಾರರು ಬರೆದುಕೊಂಡ ಹೇಳಿಕೆಯಲ್ಲಿ ಗಂಡ ಸೀಮೆಎಣ್ಣೆ ಸುರಿದು ಕಡ್ಡಿ ಗೀರಿದ, ಅತ್ತೆ ಅಲ್ಲೇ ನಿಂತಿದ್ದಳು ಅಂತಿದೆ. ನಾಲ್ಕನೇ ದಿನ ತೀರಿಕೊಂಡಳು.

ವಿಚಾರಣೆಯಲ್ಲಿ ಅಕ್ಕಪಕ್ಕದವರೆಲ್ಲ ಹೋಸ್ಟೈಲ್, ಅಂದರೆ ಪೊಲೀಸರಿಗೆ ಹೇಳಿದ್ದಕ್ಕೆ ಉಲ್ಟಾ ಹೊಡೆದರು. ಉಳಿದದ್ದು ತಾಯಿ, ಡಾಕ್ಟರು, ತಹಶೀಲ್ದಾರರು, ತನಿಖಾಧಿಕಾರಿ. ಕೆಳಕೋರ್ಟು ಕೊಟ್ಟ ಕಾರಣಗಳು ನಾವೆಲ್ಲ ನೂರು ಸಲ ಓದಿದವೇ. ಎರಡು ಹೇಳಿಕೆ ಹೊಂದುವುದಿಲ್ಲ. ರೋಗಿ ಮಾತಾಡುವ ಸ್ಥಿತಿಯಲ್ಲಿದ್ದಾಳೆ ಅನ್ನುವ ಡಾಕ್ಟರ ಫಿಟ್‌ನೆಸ್ ಷರಾ ಹೇಳಿಕೆಯ ಕೊನೆಯಲ್ಲಿದೆ, ಮೊದಲಲ್ಲಿ ಇಲ್ಲ. ನೋವಿನ ಇಂಜೆಕ್ಷನ್ ಕೊಟ್ಟಿದ್ದರಿಂದ ಮಂಪರಿನಲ್ಲಿದ್ದಿರಬಹುದು. ಕೈ ಸುಟ್ಟಿರುವಾಗ ಹೆಬ್ಬೆಟ್ಟು ಹೇಗೆ ಬಂತು. ಬೆಳಿಗ್ಗೆ ಬಂದ ತಾಯಿ ಹೇಳಿಕೊಟ್ಟಿರಬಹುದು. ಇಷ್ಟಕ್ಕೆ ಸಂಶಯದ ಲಾಭ.

ಸರ್ಕಾರದ ಕಡೆಯಿಂದ ಅಪೀಲಿಗೆ ಯೋಗ್ಯವಲ್ಲ ಅಂತ ಅಭಿಪ್ರಾಯ ಬಂತು. ತಾಯಿಯನ್ನು ಮುಂದಿಟ್ಟುಕೊಂಡು, ಸಂತ್ರಸ್ತರಿಗೇ ಅಪೀಲಿನ ಹಕ್ಕು ಕೊಡುವ ಸಿಆರ್‌ಪಿಸಿ 372ರ ಪ್ರೊವಿಸೊ ಹಿಡಿದು ಹೋದೆ. ನಾವು 2017ರಲ್ಲಿ ಹಾಕಿದಾಗ, ಸಂತ್ರಸ್ತರಿಗೂ ಲೀವ್ (ಅಪೀಲು ಹಾಕಲು ಕೋರ್ಟಿನ ಅನುಮತಿ) ಬೇಕೋ ಬೇಡವೋ ಅನ್ನುವ ಜಗಳ ಜೋರಾಗಿತ್ತು. ಸುಮ್ನೆ ರಿಸ್ಕ್ ಯಾಕೆ ಅಂತ ಲೀವ್ ಅರ್ಜಿಯನ್ನೂ ಜೊತೆಗಿಟ್ಟಿದ್ದೆ. 2018ರ ಅಕ್ಟೋಬರ್‌ನಲ್ಲಿ ನಮ್ಮ ರಾಜ್ಯದಿಂದಲೇ ಹೋದ ಮಲ್ಲಿಕಾರ್ಜುನ ಕೊಡಗಲಿ ಕೇಸಿನಲ್ಲಿ ಸುಪ್ರೀಂ ಕೋರ್ಟು ಲೀವ್ ಬೇಡ ಅಂದಿತು. ಆ ತಲೆನೋವು ಅಲ್ಲಿಗೆ ಮುಗಿಯಿತು. ಈಗಿನ ಕೇಸುಗಳಲ್ಲಿ ಇದೇ ಹಕ್ಕು ಸಿಆರ್‌ಪಿಸಿ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್ 413ರಲ್ಲಿದೆ, ಡಿಡಿ ಹೊಸ ಸಾಕ್ಷ್ಯ ಅಧಿನಿಯಮದ 26(ಎ)ಗೆ ಹೋಗಿದೆ. ಹೂರಣ ಬದಲಾಗಿಲ್ಲ.

ಎದುರು ಕಡೆಯವರು ಇನ್ನೊಂದು ತಕರಾರು ತೆಗೆದರು. ಮದುವೆಯಾದ ಹೆಣ್ಣುಮಗಳಿಗೆ ಮೊದಲ ವಾರಸುದಾರ ಗಂಡ, ಹಾಗಾಗಿ ತಾಯಿ "ಸಂತ್ರಸ್ತೆ" ಅಲ್ಲವಂತೆ. ಗಂಡನೇ ಆರೋಪಿ. ಅವನೊಬ್ಬನೇ ವಾರಸುದಾರ ಅಂದರೆ ಅಪೀಲು ಹಾಕುವವರು ಯಾರು? ಪೀಠ ಇದನ್ನು ಎರಡು ನಿಮಿಷವೂ ಕೇಳಲಿಲ್ಲ.

ಈಗ ಮುಖ್ಯ ವಿಷಯ. ಬಿಡುಗಡೆ ವಿರುದ್ಧದ ಅಪೀಲುಗಳಲ್ಲಿ ಈ ಮೊದಲು ನಾನು ಕೆಲವು ಸೋತಿದ್ದೇನೆ. ಅಲ್ಲೆಲ್ಲ ವಾದ ಒಂದೇ ದಾರಿಯಲ್ಲಿತ್ತು, ಎಲ್ಲರೂ ಹಿಡಿಯುವ ದಾರಿ: ಡಿಡಿ ಬಗೆಗಿನ ಹಳೆಯ ಸುಪ್ರೀಂ ಕೋರ್ಟ್ ತೀರ್ಪು ಖುಷಾಲ್ ರಾವ್‌ನಿಂದ ಶುರು ಮಾಡಿ ರೂಲಿಂಗ್ ಮೇಲೆ ರೂಲಿಂಗ್ ಓದುವುದು. ಹಾಗೆ ಓದಿದಷ್ಟೂ ಎದುರಿನವರು ಒಂದೇ ಹೆಸರು ಹೇಳಿ ಕೂರುತ್ತಾರೆ, 2007ರ ಚಂದ್ರಪ್ಪ. ಅದೂ ನಮ್ಮ ರಾಜ್ಯದ ಕೇಸೇ. ಅಪೀಲು ಕೋರ್ಟು ಇಡೀ ಸಾಕ್ಷ್ಯವನ್ನು ಮತ್ತೆ ತೂಗಬಹುದು ಅಂತಲೂ ಅದರಲ್ಲಿದೆ. ಆದರೆ ಎರಡು ಅಭಿಪ್ರಾಯ ಸಾಧ್ಯವಿದ್ದರೆ ಬಿಡುಗಡೆ ಮುಟ್ಟಬೇಡಿ ಅಂತಲೂ ಇದೆ. ಎರಡು ಡಿಡಿ ಇದ್ದಲ್ಲಿ ಎರಡು ಅಭಿಪ್ರಾಯ ಇದ್ದೇ ಇರುತ್ತವೆ ಅಲ್ವಾ? ಅಲ್ಲಿಗೆ ಅಪೀಲು ಢಮಾರ್.

ಹಾಗಾಗಿ ಈ ಕೇಸಿನಲ್ಲಿ ಹೇಳಿಕೆಗಳ ಒಳಗಿನ ಮಾತನ್ನು ಅಕ್ಕಪಕ್ಕ ಇಟ್ಟು ಹೋಲಿಸುವುದನ್ನೇ ಬಿಟ್ಟೆ. ಹೇಳಿಕೆಯ ಸುತ್ತ ಏನು ನಡೆಯಿತು ಅನ್ನುವುದನ್ನು ಗಂಟೆ ಲೆಕ್ಕದಲ್ಲಿ ಕಟ್ಟಿದೆ. ಯಾರು ಮಂಚದ ಪಕ್ಕ ಇದ್ದರು, ಯಾವ ಔಷಧ ಯಾವಾಗ ಹೋಯಿತು, ಬರೆದವರು ಯಾರು, ಡಾಕ್ಟರು ಎಲ್ಲಿದ್ದರು, ಪೊಲೀಸರಿಗೆ ಯಾವಾಗ ಏನು ಗೊತ್ತಿತ್ತು. ಎ3 ಹಾಳೆ, ಎಡಗಡೆ ಸಮಯ, ಬಲಗಡೆ ದಾಖಲೆ ನಂಬರು. ಬಾಯಿಮಾತಿನ ಸಾಕ್ಷ್ಯ ಅದರಲ್ಲಿ ಇಲ್ಲ. ಕೋರ್ಟಿನಲ್ಲಿ ದಾಖಲೆಯಾಗಿ ಮಾರ್ಕ್ ಆದ ಕಾಗದ ಮಾತ್ರ.

ಆಸ್ಪತ್ರೆಯ ಕೇಸ್ ಶೀಟ್ ಕೆಳಕೋರ್ಟಿನಲ್ಲಿ ನಿ.ಪಿ. (ಸರ್ಕಾರದ ಕಡೆಯ ದಾಖಲೆ) ಆಗಿ ಮಾರ್ಕ್ ಆಗಿತ್ತು. ನಲವತ್ತೋ ಐವತ್ತೋ ಪುಟ. ಡಾಕ್ಟರನ್ನು ಅದರ ಮೇಲೆ ಯಾರೂ ಒಂದು ಪ್ರಶ್ನೆ ಕೇಳಿಲ್ಲ, ತೀರ್ಪಿನಲ್ಲಿ ಅದರ ಬಗ್ಗೆ ಒಂದು ಸಾಲೂ ಇಲ್ಲ. ಮಧ್ಯದಲ್ಲಿ ನರ್ಸ್‌ಗಳ ಚಾರ್ಟ್, ನೀಲಿ ಇಂಕು, ಅರ್ಧ ಅಳಿಸಿದಂತಿರುವ ಝೆರಾಕ್ಸ್. ಸರ್ಟಿಫೈಡ್ ಕಾಪಿಯಲ್ಲಿ ಓದಲಾಗಲಿಲ್ಲ. ಮೂಲ ದಾಖಲೆ ಹೈಕೋರ್ಟಿಗೆ ಬಂದ ಮೇಲೆ ಇನ್‌ಸ್ಪೆಕ್ಷನ್‌ಗೆ ಅರ್ಜಿ ಹಾಕಿ ಭೂತಗನ್ನಡಿ ಇಟ್ಟು ಕೂತೆ. ಮಂಪರು ತರುವ ನೋವಿನ ಇಂಜೆಕ್ಷನ್ ಪೆಥಿಡಿನ್ ರಾತ್ರಿ 11 ದಾಟಿದ ಮೇಲೆ. ಎಎಸ್‌ಐ ಹೇಳಿಕೆ ಅದಾಗಿ ಅರ್ಧ ಗಂಟೆಗೆ. ಮುಂದಿನ ಡೋಸ್ ಬೆಳಗಿನ ಜಾವ ಐದರ ಸುಮಾರಿಗೆ. ತಹಶೀಲ್ದಾರರ ಹೇಳಿಕೆ ಹತ್ತೂವರೆಗೆ.

ಅಂದರೆ ಮಂಪರಿನ ವಾದ ಹೊಡೆಯಬೇಕಾದದ್ದು ಸ್ಟವ್ ಸಿಡಿದ ಹೇಳಿಕೆಯನ್ನು! ಎದುರು ಕಡೆಯವರು ವರ್ಷಗಟ್ಟಲೆ ನಮ್ಮ ಮೇಲೆ ಎಸೆದ ಕಲ್ಲು ಅವರ ಅಂಗಳದಲ್ಲೇ ಬಿದ್ದಿತ್ತು. ಆ ದಿನ ಸಂಜೆ ಕೋರ್ಟ್ ಆವರಣದಿಂದ ಹೊರಗೆ ಬರುವಾಗ ಈ ಕೇಸು ಗೆಲ್ಲುತ್ತದೆ ಅಂತ ನನಗೆ ಖಾತ್ರಿಯಾಯಿತು.

ಆಮೇಲೆ ಉಳಿದವು ಒಂದೊಂದೇ ಕೂತವು. ತಾಲೂಕು ಆಸ್ಪತ್ರೆಯ ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಕೇಸುಗಳ) ರಿಜಿಸ್ಟರಿನಲ್ಲಿ "ಸ್ಟವ್ ಸಿಡಿದು" ಅಂತಿದೆ, ನಿಜ. ಆದರೆ ಆ ಮಾಹಿತಿ ಕೊಟ್ಟವರು ಯಾರು ಅನ್ನುವ ಕಾಲಂನಲ್ಲಿ ಗಂಡನ ಹೆಸರು. ಮೊದಲ ಹೇಳಿಕೆ ಬರೆಯುವಾಗ ಗಂಡ ಪಕ್ಕದಲ್ಲೇ ಇದ್ದ ಅಂತ ಎಎಸ್‌ಐ ಪಾಟೀ ಸವಾಲಿನಲ್ಲಿ ಒಪ್ಪಿದ್ದಾರೆ. ತಹಶೀಲ್ದಾರರು ಎಲ್ಲರನ್ನೂ ಹೊರಗೆ ಕಳಿಸಿ ಪ್ರಶ್ನೋತ್ತರದಲ್ಲಿ ಬರೆದಿದ್ದಾರೆ. ಸ್ಟವ್ ಜಪ್ತಿಯಾಗಿದೆ, ಟ್ಯಾಂಕು ಸರಿಯಾಗಿದೆ, ಒಳಗೆ ಸೀಮೆಎಣ್ಣೆಯೂ ಇದೆ. ತಲೆಗೂದಲಲ್ಲಿ ಸೀಮೆಎಣ್ಣೆ ಅಂಶ ಇತ್ತು ಅಂತ ಎಫ್‌ಎಸ್‌ಎಲ್ (ವಿಧಿವಿಜ್ಞಾನ ಪ್ರಯೋಗಾಲಯ) ವರದಿ. ಪೋಸ್ಟ್‌ಮಾರ್ಟಂ ವರದಿಯಲ್ಲಿ ಬಲ ಅಂಗೈ ಮತ್ತು ಬೆರಳ ತುದಿ ಸುಟ್ಟಿಲ್ಲ ಅಂತ ಸ್ಪಷ್ಟ ಬರೆದಿದೆ. ಹೆಬ್ಬೆಟ್ಟಿನ ಪ್ರಶ್ನೆ ಅಲ್ಲಿಗೆ ಮುಗಿಯಿತು.

ತಾಯಿ ಹೇಳಿಕೊಟ್ಟಳು ಅನ್ನುವುದಕ್ಕೆ ಉತ್ತರ ಕ್ಯಾನಿನಲ್ಲಿ ಸಿಕ್ಕಿತು. ಎರಡನೇ ಹೇಳಿಕೆಯಲ್ಲಿ ಆಕೆ, ಗಂಡ ಎಣ್ಣೆ ಕ್ಯಾನನ್ನು ಬಚ್ಚಲಿನ ಹಂಡೆ ಹಿಂದೆ ಎಸೆದ ಅಂದಿದ್ದಾಳೆ. ಮಧ್ಯಾಹ್ನ ಮೂರರ ಪಂಚನಾಮೆಯಲ್ಲಿ ಕ್ಯಾನ್ ಸಿಕ್ಕಿದ್ದು ಅಲ್ಲೇ. ತಾಯಿ ಊರಿನಿಂದ ನೇರ ಆಸ್ಪತ್ರೆಗೆ ಬಂದವರು, ಆ ಮನೆಗೆ ಹೋಗಿಯೇ ಇಲ್ಲ. ಗೊತ್ತಿಲ್ಲದ್ದನ್ನು ಹೇಳಿಕೊಡಲು ಆಗುತ್ತದೆಯೇ? ಪೊಲೀಸರೇ ಇಟ್ಟರು ಅಂತ ಹೈಕೋರ್ಟಿನಲ್ಲಿ ವಾದ ಬಂತು. ಆದರೆ ತನಿಖಾಧಿಕಾರಿಯ ಪಾಟೀ ಸವಾಲಿನಲ್ಲಿ ಅಂಥ ಒಂದು ಸೂಚನೆಯೂ ಇರಲಿಲ್ಲ. ನಾನು ಏಳುವ ಮೊದಲೇ ಪೀಠ ಅದನ್ನು ಗಮನಿಸಿತ್ತು.

ಕೆಲಸಕ್ಕೆ ಬಾರದ ಪ್ರಯತ್ನಗಳೂ ಇವೆ. ಆ ಚಾರ್ಟ್ ಬರೆದ ನರ್ಸ್‌ನ್ನು ಸಾಕ್ಷಿ ಮಾಡಿಸೋಣ ಅಂತ 391ರಲ್ಲಿ ಅರ್ಜಿ ಹಾಕಿದೆ. ಅದಕ್ಕೆ ಒಂದೂವರೆ ವರ್ಷ ಹೋಯಿತು, ಕೊನೆಗೆ ವಜಾ. ಇಷ್ಟು ವರ್ಷದ ಮೇಲೆ ಯಾಕೆ, ದಾಖಲೆ ಮಾರ್ಕ್ ಆಗಿದೆಯಲ್ಲ ಅಂದರು. ಆ ಆದೇಶದ ಅದೇ ಸಾಲನ್ನು ಫೈನಲ್ ವಾದದಲ್ಲಿ ಓದಿದೆ. ದಾಖಲೆ ಮಾರ್ಕ್ ಆಗಿದೆ ಅಂದಮೇಲೆ ಓದಲೇಬೇಕು.

ಇನ್ನೊಂದು ಪ್ರಯೋಗ ಛೇಂಬರಿನಲ್ಲಿ ಮಾಡಿದ್ದು. ಎರಡು ಪುಟದ ಹೇಳಿಕೆಯನ್ನು ತಹಶೀಲ್ದಾರರು ಇಪ್ಪತ್ತೈದು ನಿಮಿಷದಲ್ಲಿ ಬರೆಯಲು ಸಾಧ್ಯವೇ ಇಲ್ಲ, ಅದೂ ಸುಟ್ಟವರು ತಡವರಿಸುತ್ತಾ ಹೇಳುವಾಗ, ಅಂತ ಎದುರಿನವರ ವಾದ. ಒಬ್ಬ ಜೂನಿಯರ್ ಪ್ರಶ್ನೆ ಕೇಳಿ ಬರೆಯುವುದು, ಇನ್ನೊಬ್ಬಳು ನಿಂತು ನಿಂತು ಉತ್ತರ ಹೇಳುವುದು. ಕೈಗಡಿಯಾರ ಇಟ್ಟು ನೋಡಿದೆವು. ಹದಿನೆಂಟು ಇಪ್ಪತ್ತು ನಿಮಿಷದಲ್ಲಿ ಮುಗಿಯುತ್ತಿತ್ತು. ಇದು ಸಾಕ್ಷ್ಯ ಅಲ್ಲ, ಕೋರ್ಟಿನಲ್ಲಿ ಹೇಳಲೂ ಇಲ್ಲ. ಆದರೆ ಪೀಠ ಆ ಪ್ರಶ್ನೆ ಕೇಳಿದಾಗ, ಉತ್ತರಗಳು ಎರಡು ಮೂರು ಪದದವು, ಪುಟದಲ್ಲಿ ಹದಿನೈದು ಸಾಲು ಅಷ್ಟೇ, ಅಂತ ತೋರಿಸಲು ಧೈರ್ಯ ಬಂತು.

ಇದೇ ಗಂಟೆ ಲೆಕ್ಕದ ಚಾರ್ಟನ್ನು ವಿಷ ಕುಡಿಸಿದ ಇನ್ನೊಂದು ಕೇಸಿಗೂ ಹಾಕಿ ನೋಡಿದೆ. ಅಲ್ಲಿ ಸಮಯ ಎಲ್ಲ ನಮಗೆ ಉಲ್ಟಾ ಬಂತು. ಡಾಕ್ಟರು ರೋಗಿಗೆ ಪ್ರಜ್ಞೆ ಇಲ್ಲ ಅಂತ ಬರೆದ ಹೊತ್ತಿನಲ್ಲೇ ಹೇಳಿಕೆ. ಅಪೀಲು ಬೇಡ ಅಂತ ಹೇಳಿ ಕಳಿಸಿದೆ.

ರೂಲಿಂಗ್ ಬೇಡವೇ ಬೇಡ ಅಂತಲ್ಲ. ನಾನು ಓದಿದ್ದು ಮೂರು. ಡಾಕ್ಟರ ಷರಾ ಇಲ್ಲದಿದ್ದರೂ ಬರೆದುಕೊಂಡವರಿಗೆ ಮನವರಿಕೆಯಾಗಿದ್ದರೆ ಸಾಕು ಅನ್ನುವುದಕ್ಕೆ 2002ರ ಲಕ್ಷ್ಮಣ್, ಐವರ ಸಂವಿಧಾನ ಪೀಠದ್ದು. ನಮ್ಮಲ್ಲಿ ಷರಾ ಇತ್ತು, ಕೊನೆಯಲ್ಲಿತ್ತು ಅಷ್ಟೇ. ಸುಟ್ಟಗಾಯದ ಶೇಕಡಾವಾರು ಮತ್ತು ಹೆಬ್ಬೆಟ್ಟಿಗೆ 2013ರ ದಲ್ ಸಿಂಗ್. ಶೇ. 100 ಸುಟ್ಟಿದ್ದ ಆ ಕೇಸಿನಲ್ಲಿ ಮಧ್ಯಪ್ರದೇಶ ಹೈಕೋರ್ಟಿನ ಬಿಡುಗಡೆಯನ್ನು ಸುಪ್ರೀಂ ಕೋರ್ಟು ರದ್ದು ಮಾಡಿದೆ. ಮೂರನೆಯದು ಚಂದ್ರಪ್ಪ. ಎದುರಿನವರ ಕೈಗೆ ಕೊಡದೆ ನಾನೇ ಮೊದಲು ಓದಿದೆ. ಎರಡು ಅಭಿಪ್ರಾಯ ಅಂದರೆ ಸಾಕ್ಷ್ಯ ಓದಿದ ಮೇಲಿನ ಅಭಿಪ್ರಾಯ. ಕೇಸ್ ಶೀಟ್ ತೆರೆಯದೆಯೇ ಬಂದದ್ದು ಅದರಲ್ಲಿ ಸೇರುವುದಿಲ್ಲ ಅಂದೆ. ಪೀಠದ ಮುಖ ಬದಲಾದದ್ದು ಆಗಲೇ.

ಚಾರ್ಟನ್ನು ಯಾವ ಹಂತದಲ್ಲಿ ಕೈಗೆ ಕೊಟ್ಟೆ, ಮೊದಲು ಯಾವ ಪುಟ ತೆಗೆಸಿದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದೇ ಮಾದರಿಯ ಇನ್ನೂ ಎರಡು ಅಪೀಲು ಬಾಕಿ ಇವೆ. ಪಾಟೀ ಸವಾಲಿನಲ್ಲಿ ಕೇಳದೆ ಬಿಟ್ಟ ಪ್ರಶ್ನೆಗಳ ಪಟ್ಟಿ ಮಾಡುವ ಒಂದು ಕ್ರಮವೂ ಇದೆ. ಅದನ್ನೂ ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ದುಡ್ಡಿನ ವಿಷಯ ಹೇಳಲೇಬೇಕು, ಇಂಥ ಅಪೀಲುಗಳು ಜಾಸ್ತಿ ಸಾಯುವುದು ಅಲ್ಲೇ. ಕೆಳಕೋರ್ಟಿನ ಸಾಕ್ಷ್ಯವೆಲ್ಲ ಕನ್ನಡದಲ್ಲಿ. ಪೀಠದಲ್ಲಿ ಕನ್ನಡ ಓದಲು ಬಾರದ ನ್ಯಾಯಮೂರ್ತಿ ಕೂತರೆ ಅನುವಾದ ಬೇಕು. ಮುನ್ನೂರು ಚಿಲ್ಲರೆ ಪುಟ, ಪುಟಕ್ಕೆ ನೂರರ ಹತ್ತಿರ. ಅಲ್ಲೇ ಮೂವತ್ತು ಸಾವಿರ ಹೋಯಿತು. ಝೆರಾಕ್ಸ್, ಬೈಂಡಿಂಗ್, ನಕಲು ಫೀಸು, ಓಡಾಟ ಸೇರಿ ಕೈಯಿಂದ ಹೋದದ್ದು ಅರವತ್ತು ಸಾವಿರ ಮೇಲೆ. ನನ್ನ ಫೀಸು ಕಂತಿನಲ್ಲಿ ಬಂತು, ಕೆಲವು ವರ್ಷ ಬರಲೇ ಇಲ್ಲ. ತಾಯಿಗೆ ಮೊದಲೇ ಹೇಳಿದ್ದೆ, ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂನಲ್ಲಿ ಹೆಣ್ಣುಮಕ್ಕಳಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ ಅಂತ. "ಬ್ಯಾಡ್ರಿ ಸಾಹೇಬ್ರ, ನೀವ ನೋಡ್ರಿ. ನನ್ನ ಮಗಳು ಸಾಯೂ ಮುಂದ ಸುಳ್ಳು ಹೇಳಾಕಿ ಅಲ್ಲ" ಅಂದರು. ಅಷ್ಟು ನಂಬಿ ಕೂತವರನ್ನು ಬಿಡುವುದು ಹೇಗೆ? ಹೊಸಬರಿಗೆ ಒಂದು ಮಾತು: ಎಲ್ಲ ಪುಟ ಅನುವಾದಕ್ಕೆ ಕೊಡಬೇಡಿ. ಹೋಸ್ಟೈಲ್ ಆದವರ ಸಾಕ್ಷ್ಯವನ್ನು ಅರ್ಧ ಪುಟದ ಸಾರಾಂಶ ಮಾಡಿ, ಎಚ್‌ಸಿಜಿಪಿ (ಹೈಕೋರ್ಟಿನ ಸರ್ಕಾರಿ ವಕೀಲರು) ಒಪ್ಪಿದರೆ ಅದೇ ನಡೆಯುತ್ತದೆ. ನಮಗೆ ನಡೆಯಿತು.

ಅತ್ತೆಯ ಬಿಡುಗಡೆಯನ್ನು ಹೈಕೋರ್ಟು ಉಳಿಸಿತು. ನಿಂತಿದ್ದಳು ಅನ್ನುವುದು ಬಿಟ್ಟರೆ ಆಕೆಯ ಮೇಲೆ ಹೇಳಿಕೆಯಲ್ಲಿ ಏನೂ ಇರಲಿಲ್ಲ. ನಾನೂ ಅದಕ್ಕೆ ಜಾಸ್ತಿ ಒತ್ತಿರಲಿಲ್ಲ, ಒತ್ತಿದ್ದರೆ ಇಡೀ ಹೇಳಿಕೆಯೇ ದುರ್ಬಲವಾಗಿ ಕಾಣುತ್ತಿತ್ತು. ಗಂಡನಿಗೆ ಕೊಲೆಗೆ, ಐಪಿಸಿ 302ರಲ್ಲಿ ಶಿಕ್ಷೆ. ಶಿಕ್ಷೆಯ ಪ್ರಮಾಣದ ಬಗ್ಗೆ ಅವನನ್ನು ಕರೆಸಿ ಕೇಳಿದ ಮೇಲೆ ಜೀವಾವಧಿ, ದಂಡ, ದಂಡದಲ್ಲಿ ಬಹುಪಾಲು ತಾಯಿಗೆ, ಶರಣಾಗಲು ಕೆಲವು ವಾರ ಟೈಮ್. ಬಿಡುಗಡೆ ತಿರುಗಿಸಿ ಜೀವಾವಧಿ ಕೊಟ್ಟಿರುವುದರಿಂದ ಸಿಆರ್‌ಪಿಸಿ 379ರಲ್ಲಿ ಅವನಿಗೆ ಸುಪ್ರೀಂ ಕೋರ್ಟಿಗೆ ಹೋಗುವ ಹಕ್ಕು ನೇರವಾಗಿಯೇ ಇದೆ, ಹೋಗಿಯೂ ಇದ್ದಾನೆ. ಶಿಕ್ಷೆ ಅಮಾನತು ಕೇಳಿದ ಅರ್ಜಿಗೆ ನಮ್ಮ ತಕರಾರು ಸಿದ್ಧವಾಗಿದೆ. ದೆಹಲಿಯ ವಕೀಲರಿಗೆ ಕಳಿಸಿದ ಕಟ್ಟಿನಲ್ಲಿ ಚಾರ್ಟು ಮೇಲಿದೆ, ಅದರ ಕೆಳಗೆ ನರ್ಸ್ ಬರೆದ ಆ ಪುಟ.