ಪರದೇಶದಲ್ಲಿ ಕಡಿಮೆ ದುಡ್ಡಿಗೆ ಒಳ್ಳೆ ಮಾಲಿಶ್: ಹೇಗೆ ಮಾಡಿಸಿಕೊಳ್ಳಬೇಕು?

ಮಾರ್ಚ್ ಕೊನೆಯ ವಾರ ಕಲಬುರಗಿಯ ನಮ್ಮ ಬ್ಯಾಂಕ್ ಶಾಖೆಯಲ್ಲಿ ರಾತ್ರಿ ಒಂಬತ್ತಾದರೂ ಲೈಟು ಆರುವುದಿಲ್ಲ. ಹೊರಗೆ ಹಗಲಿನ ಬಿಸಿಲ ಕಾವು ಆರಿರುವುದಿಲ್ಲ, ಒಳಗೆ ವರ್ಷದ ಲೆಕ್ಕ ಮುಗಿದಿರುವುದಿಲ್ಲ. ಒಂದು ವರ್ಷ ಹೀಗೇ ಕೂತು ಕೂತು ನನ್ನ ಬಲ ಭುಜ ಶಹಾಬಾದ್ ಕಲ್ಲಿನಂತಾಗಿತ್ತು. ಕುತ್ತಿಗೆ ಹೊರಳುತ್ತಿರಲಿಲ್ಲ. ರಾತ್ರಿ ನಿದ್ದೆ ಇಲ್ಲ. ಆ ಏಪ್ರಿಲ್‌ನಲ್ಲಿ ಬೀದರಿನ ವೈನಿ (ಅತ್ತಿಗೆ) ಜೊತೆ ಬ್ಯಾಂಕಾಕಿಗೆ ಹೋಗುವುದು ಮೊದಲೇ ನಿಕ್ಕಿಯಾಗಿತ್ತು. ಅಲ್ಲಿ ಐದು ದಿನದಲ್ಲಿ ಮೂರು ಸಲ ಮಸಾಜ್ ಮಾಡಿಸಿಕೊಂಡೆವು. ಒಂದರಿಂದ ಮೈ ಹಗುರಾಯಿತು. ಒಂದು ಪರವಾಗಿಲ್ಲ. ಒಂದರಿಂದ ಮೂರು ದಿನ ಬೆನ್ನು ಹಿಡಿದುಕೊಂಡಿತು. ಮೂರಕ್ಕೂ ಕೊಟ್ಟ ದುಡ್ಡು ಹೆಚ್ಚುಕಮ್ಮಿ ಒಂದೇ. ವ್ಯತ್ಯಾಸ ಆದದ್ದು ನಾವು ಏನು ಕೇಳಿದೆವು, ಏನು ಹೇಳಿದೆವು ಎನ್ನುವುದರಲ್ಲಿ.

ಹೊರಡುವಾಗ ಅವ್ವ ಕೇಳಿದ್ದಳು: "ಅಷ್ಟು ದೂರ ಹೋಗಿ ಮೈ ತಿಕ್ಕಿಸ್ಕೊಂಡು ಬರಬೇಕೇನವ್ವ? ಇಲ್ಲಿ ಎಣ್ಣಿ ಇಲ್ಲೇನು?" ಅವಳ ಮಾತಿನಲ್ಲಿ ನಿಜ ಇದೆ. ಬಾಣಂತಿಗೆ ಎಣ್ಣೆ ತಿಕ್ಕುವ ಕೈ, ಗರಡಿ ಮನೆಯ ಮಾಲಿಶ್ ನಮ್ಮಲ್ಲೂ ಉಂಟು. ಬರೀ ಮಸಾಜಿಗೆಂದೇ ವಿಮಾನ ಹತ್ತಿದರೆ ಅದು ಅಗ್ಗ ಆಗುವುದಿಲ್ಲ. ಟಿಕೆಟ್ಟಿನ ದುಡ್ಡೇ ಎಲ್ಲವನ್ನೂ ನುಂಗುತ್ತದೆ. ಹೇಗೂ ಪ್ರವಾಸಕ್ಕೆ ಹೋಗುತ್ತಿದ್ದರೆ ಮಾತ್ರ ಇದನ್ನು ಜೊತೆಗೆ ಸೇರಿಸಿಕೊಳ್ಳಿ.

ಮೊದಲು ಊರು

ನಮ್ಮ ಕಡೆಯವರಿಗೆ ಅನುಕೂಲ ಥಾಯ್ಲೆಂಡ್. ಹೈದರಾಬಾದಿನ ಶಂಶಾಬಾದ್‌ನಿಂದ ಬ್ಯಾಂಕಾಕಿಗೆ ನೇರ ವಿಮಾನ ಇದೆ, ಸುಮಾರು ನಾಲ್ಕು ಗಂಟೆ. ಕಲಬುರಗಿಯಿಂದ ಬಸ್ಸಿನಲ್ಲಿ ಹೈದರಾಬಾದ್ ಮುಟ್ಟಲು ಅದಕ್ಕಿಂತ ಜಾಸ್ತಿ ಹೊತ್ತು ಬೇಕು. ವೀಸಾ ನಿಯಮ ಆಗಾಗ ಬದಲಾಗುತ್ತದೆ, ಟಿಕೆಟ್ ಮಾಡಿಸುವ ಮೊದಲು ರಾಯಭಾರ ಕಚೇರಿಯ ವೆಬ್‌ಸೈಟ್ ನೋಡಿಕೊಳ್ಳಿ. ಇಂಡೋನೇಷ್ಯಾದ ಬಾಲಿಯಲ್ಲೂ ಕಡಿಮೆ ದರಕ್ಕೆ ಸಿಗುತ್ತದೆ, ಅಲ್ಲಿ ಎಣ್ಣೆ ಹಚ್ಚಿ ಉದ್ದುದ್ದಕ್ಕೆ ನೀವುತ್ತಾರೆ. ಟರ್ಕಿಯ ಹಮಾಮ್, ಅಂದರೆ ಬಿಸಿ ಸ್ನಾನದ ಮನೆ, ಬೇರೆಯದೇ ಬಗೆ. ಬಿಸಿ ಕಲ್ಲಿನ ಮೇಲೆ ಮಲಗಿಸಿ, ಒರಟು ಕೈಗವಸಿನಿಂದ ಉಜ್ಜಿ, ಸೋಪಿನ ನೊರೆ ಸುರಿಯುತ್ತಾರೆ.

ಥಾಯ್ ಮಸಾಜಿಗೆ ಎಣ್ಣೆ ಬೇಡ, ಬಟ್ಟೆ ಬಿಚ್ಚುವುದೂ ಬೇಡ. ಸಡಿಲ ಅಂಗಿ, ಪೈಜಾಮ ಅವರೇ ಕೊಡುತ್ತಾರೆ. ನೆಲದ ಹಾಸಿಗೆಯ ಮೇಲೆ ಮಲಗಿಸಿ ಹೆಬ್ಬೆರಳು, ಅಂಗೈ, ಮೊಣಕೈಯಿಂದ ಒತ್ತುತ್ತಾರೆ. ಆಮೇಲೆ ಕೈಕಾಲು ಹಿಡಿದು ಎಳೆಯುತ್ತಾರೆ. ಸಂಕೋಚದ ಹೆಣ್ಣುಮಕ್ಕಳಿಗೆ ಇದೇ ಒಳ್ಳೆಯದು ಎಂದು ನನ್ನ ಅನುಭವ. ಈ ವಿದ್ಯೆಯನ್ನು ಯುನೆಸ್ಕೊ 2019ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು.

ಬ್ಯಾಂಕಾಕಿನ ವಾಟ್ ಫೋ ದೇವಾಲಯಕ್ಕೆ ಹೋಗದೆ ಬರಬೇಡಿ. 46 ಮೀಟರ್ ಉದ್ದದ ಮಲಗಿದ ಬುದ್ಧ ಇರುವುದು ಅಲ್ಲೇ. ಅಲ್ಲಿನ ಮಂಟಪಗಳ ಕಲ್ಲುಹಲಗೆಗಳಲ್ಲಿ ಮನುಷ್ಯನ ಮೈ ಕೆತ್ತಿ, ಎಲ್ಲೆಲ್ಲಿ ಒತ್ತಬೇಕೆಂದು ಗೆರೆ ಎಳೆದಿದ್ದಾರೆ. ಆವರಣದಲ್ಲಿ 1955ರಿಂದ ಮಸಾಜ್ ಕಲಿಸುವ ಶಾಲೆಯೂ ಇದೆ. ಥಾಯ್ ಜನ ಈ ವಿದ್ಯೆಯ ಆದಿಗುರು ಎಂದು ಕೈಮುಗಿಯುವುದು ಬುದ್ಧನ ವೈದ್ಯ ಜೀವಕನಿಗೆ. ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ, ಭೀಮಾ ದಂಡೆಯ ಬೌದ್ಧ ಸ್ತೂಪ ನೋಡಿದ್ದ ನನಗೆ ಆ ಹೆಸರು ಕೇಳಿ ಮೈ ಜುಮ್ಮೆಂದಿತು. ಶಾಲೆಯಲ್ಲಿ ದರ ಬೀದಿ ಅಂಗಡಿಗಿಂತ ಸ್ವಲ್ಪ ಜಾಸ್ತಿ. ಆದರೂ ಮೊದಲ ಸಲ ಅಲ್ಲಿ ಮಾಡಿಸಿಕೊಂಡರೆ ಸರಿಯಾದದ್ದು ಹೇಗಿರುತ್ತದೆ ಅಂತ ಮೈಗೆ ಗೊತ್ತಾಗುತ್ತದೆ.

ಅಂಗಡಿ ಆರಿಸುವುದು

ಸಾಧಾರಣ ಅಂಗಡಿಯಲ್ಲಿ ಒಂದು ಗಂಟೆಗೆ 250ರಿಂದ 400 ಬಾತ್. 300 ಬಾತ್ ಅಂದರೆ ಸುಮಾರು 800 ರೂಪಾಯಿ. ದೊಡ್ಡ ಹೋಟೆಲಿನ ಸ್ಪಾದಲ್ಲಿ ಇದು ಎರಡು ಸಾವಿರ ಬಾತ್ ದಾಟಬಹುದು. ಅಲ್ಲಿ ಜಾಸ್ತಿ ದುಡ್ಡು ಹೋಗುವುದು ಕೋಣೆಗೆ, ಹೂವಿಗೆ, ಸುವಾಸನೆಗೆ. ಬೀದಿ ಅಂಗಡಿಯಲ್ಲೂ ತರಬೇತಿ ಪಡೆದ ಕೈ ಸಿಗುತ್ತದೆ, ನೋಡಿ ಆರಿಸಬೇಕು ಅಷ್ಟೆ.

ದರದ ಬೋರ್ಡು ಬಾಗಿಲಲ್ಲೇ ಇರಬೇಕು. ಆ ದರ ಅರ್ಧ ಗಂಟೆಯದೋ ಒಂದು ಗಂಟೆಯದೋ ಓದಿ. ನಾವು ಒಂದು ಕಡೆ ಓದದೆ ಒಳಗೆ ಹೋಗಿ ಕೊನೆಗೆ ಅಂದುಕೊಂಡದ್ದರ ಎರಡರಷ್ಟು ಕೊಟ್ಟೆವು. ಗೋಡೆಯ ಮೇಲೆ ಸರ್ಕಾರದ ಪರವಾನಗಿ ಕಟ್ಟು ಹಾಕಿರುತ್ತಾರೆ, ಇದೆಯೇ ನೋಡಿ. ಹಾಸಿಗೆ, ಟವೆಲ್ ಶುಚಿ ಇರಲಿ. ಹೊರಗಿನಿಂದ ಒಳಗಿನ ಕುರ್ಚಿಗಳು ಕಾಣುವ, ಮನೆಮಂದಿ ಬಂದು ಕೂತಿರುವ ಅಂಗಡಿ ನಂಬಿಕೆಗೆ ಯೋಗ್ಯ. ದಾರಿಯಲ್ಲಿ ಕೈಹಿಡಿದು ಕರೆಯುವ, ಬೇರೆ ಏನೋ ಸೂಚಿಸುವ ಕಡೆಗೆ ತಲೆಹಾಕಬೇಡಿ. ಮುಖ್ಯರಸ್ತೆ ಬಿಟ್ಟು ಒಳಗಿನ ಓಣಿಗೆ ಹೋದರೆ 50 ಬಾತ್ ಉಳಿಯುತ್ತದೆ.

ಶುರು ಮಾಡುವ ಮೊದಲು ಬಾಯಿ ಬಿಡಿ

ನನ್ನ ಬೆನ್ನು ಹಿಡಿದದ್ದು ಇಲ್ಲಿ ತಪ್ಪಿದ್ದಕ್ಕೆ. ನೋವಾದಷ್ಟೂ ಒಳ್ಳೆಯದು ಅಂತ ಹಲ್ಲು ಕಚ್ಚಿ ಮಲಗಿದ್ದೆ. ಅದು ಸುಳ್ಳು. ಹಿತವಾದ ನೋವು ಬೇರೆ, ಉಸಿರು ಹಿಡಿಯುವ ನೋವು ಬೇರೆ. ಉಸಿರು ನಿಂತರೆ ಆಗಲೇ ಹೇಳಿಬಿಡಿ. ಥಾಯ್ ಮಾತಿನಲ್ಲಿ "ಬಾವ್ ಬಾವ್" ಅಂದರೆ ಮೆಲ್ಲಗೆ. "ಜೆಪ್" ಅಂದರೆ ನೋವು. ಇವೆರಡು ಮಾತು ಸಾಕು. ಕುತ್ತಿಗೆ ಲಟಕ್ಕನೆ ತಿರುಗಿಸಲು ಬಂದರೆ ಕೈ ಅಡ್ಡ ಹಿಡಿದು ಬೇಡ ಅನ್ನಿ. ಅದರಲ್ಲಿ ಅಪಾಯ ಇದೆ.

ಬಸುರಿಯರು, ರಕ್ತ ತೆಳುವಾಗುವ ಗುಳಿಗೆ ನುಂಗುವವರು, ಮೂಳೆ ಸವೆದವರು, ಹತೋಟಿಗೆ ಬಾರದ ಬಿಪಿ ಇರುವವರು, ಹೊಸದಾಗಿ ಆಪರೇಷನ್ ಆದವರು ಊರಲ್ಲೇ ಡಾಕ್ಟರನ್ನು ಕೇಳಿ ಹೋಗಬೇಕು. ಜ್ವರ ಇದ್ದರೆ ಬೇಡ. ವಿಮಾನ ಇಳಿದ ಮೇಲೆ ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ ಅದನ್ನು ಒತ್ತಿಸಲೇಬೇಡಿ. ರಕ್ತ ಹೆಪ್ಪುಗಟ್ಟಿರಬಹುದು, ನೇರ ಆಸ್ಪತ್ರೆಗೆ ಹೋಗಿ. ಊಟ ಆಗಿ ಒಂದೆರಡು ಗಂಟೆ ಬಿಟ್ಟು ಮಲಗಿ.

ಮೊದಲ ದಿನ ಕಾಲು

ವೈನಿಗೆ ಮೈ ಮುಟ್ಟಿಸಿಕೊಳ್ಳಲು ಬಹಳ ಸಂಕೋಚ. ಅದಕ್ಕೆ ಕಾಲಿನಿಂದ ಶುರು ಮಾಡಿದೆವು. ನೀವೂ ಹಾಗೇ ಮಾಡಿ. ನಡು ವಯಸ್ಸಿನ ಹೆಣ್ಣುಮಗಳೊಬ್ಬಳು ತಗಡಿನ ಬೋಗುಣಿಯಲ್ಲಿ ಬೆಚ್ಚಗಿನ ನೀರು ತಂದು ವೈನಿಯ ಹಿಮ್ಮಡಿಯನ್ನು ಅಂಗೈಯಲ್ಲಿ ಇಟ್ಟುಕೊಂಡಳು. ಬೆರಳ ಸಂದಿಗಳನ್ನೆಲ್ಲ ತೊಳೆದು ಒರೆಸಿದಳು. ವೈನಿ ಕಾಲು ಹಿಂದಕ್ಕೆ ಎಳೆದುಕೊಂಡರು. "ತಂಗಿ, ಇಷ್ಟು ವಯಸ್ಸಿನಾಕಿ ನನ್ನ ಕಾಲು ಮುಟ್ಟೋದಾ?" ಆ ಹೆಣ್ಣುಮಗಳು ನಕ್ಕು ಕಾಲನ್ನು ಮತ್ತೆ ಮೆಲ್ಲಗೆ ಎಳೆದುಕೊಂಡಳು. ಸಣ್ಣ ಕಟ್ಟಿಗೆಯ ಕಡ್ಡಿಯಿಂದ ಅಂಗಾಲಿನ ಒಂದೊಂದೇ ಜಾಗ ಒತ್ತುತ್ತ ಹೋದಳು. ಹತ್ತು ನಿಮಿಷಕ್ಕೆ ವೈನಿಯ ಕಣ್ಣು ಮುಚ್ಚಿದ್ದವು.

ಮುಗಿದ ಮೇಲೆ ಗಡಬಡಿಸಿ ಏಳಬೇಡಿ. ಚಹಾ ಕೊಡುತ್ತಾರೆ, ಕೂತು ಕುಡಿಯಿರಿ. ಆ ದಿನ ನೀರು ಜಾಸ್ತಿ ಕುಡಿಯಿರಿ. ಒಂದು ಗಂಟೆಗೆ 50ರಿಂದ 100 ಬಾತ್ ಟಿಪ್ಸ್ ಕೊಡುವುದು ರೂಢಿ. ಕೌಂಟರಿನಲ್ಲಿ ಅಲ್ಲ, ಮಾಡಿದವರ ಕೈಗೇ ಕೊಡಿ. ಚೌಕಾಸಿ ಮಾಡಲೇಬೇಡಿ. ದಿನವಿಡೀ ಬೇರೆಯವರ ಮೈಯ ಗಂಟು ಬಿಡಿಸಿ ಅವರ ಹೆಬ್ಬೆರಳೇ ಬಾತಿರುತ್ತದೆ. ಹೆಂಗಸರು "ಖೋಪ್ ಖುನ್ ಖಾ" ಅನ್ನಬೇಕು, ಗಂಡಸರು "ಖೋಪ್ ಖುನ್ ಖ್ರಾಪ್".

ಕೊನೆಯ ಗಂಟೆಯನ್ನು ವಾಪಸ್ ಬರುವ ದಿನ ಸಂಜೆಗೆ ಉಳಿಸಿಕೊಳ್ಳಿ. ನಾವು ಹಾಗೆ ಮಾಡಿದೆವು. ಆ ಸಲ ಬಲ ಭುಜ ತೋರಿಸಿ, "ಬಾವ್ ಬಾವ್" ಅಂದು ಮಲಗಿದೆ. ರೆಕ್ಕೆಮೂಳೆಯ ಅಂಚಿನಲ್ಲಿ ಹೆಬ್ಬೆರಳು ಇಟ್ಟು ಆಕೆ ಸುಮ್ನೆ ಕಾದಳು, ಗಂಟು ತಾನಾಗಿ ಕರಗುವವರೆಗೆ. ರಾತ್ರಿ ವಿಮಾನದಲ್ಲಿ ವೈನಿ ಅದೇ ಭುಜದ ಮೇಲೆ ತಲೆ ಇಟ್ಟು ಮಲಗಿದರು. ಶಂಶಾಬಾದ್ ಬರುವವರೆಗೆ ನಾನು ಅಲುಗಾಡಲಿಲ್ಲ.