ಅಮೆರಿಕದಲ್ಲಿ ಕಲಾಸಂಘದ ಅಧ್ಯಕ್ಷರಾಗಿ ಅಂತ ಕರೆದರೆ

ಕಳೆದ ಭಾನುವಾರ ಸಂಜೆ ಮಂಡಕ್ಕಿಗೆ ಒಗ್ಗರಣೆ ಹಾಕುತ್ತಿದ್ದೆ. ಓಹಾಯೋದಿಂದ ಅಕ್ಕನ ಮಗಳ ವಿಡಿಯೋ ಕಾಲ್ ಬಂತು. "ಚಿಕ್ಕಮ್ಮ, ಇಲ್ಲಿನ ನಾಟಕ ಸಂಘಕ್ಕೆ ನನ್ನನ್ನ ಪ್ರೆಸಿಡೆಂಟ್ ಮಾಡ್ತೀವಿ ಅಂತಿದ್ದಾರೆ. ಒಪ್ಪಿಕೊಳ್ಳಲಾ?"

"ಒಪ್ಪಿಕೋ. ಆದರೆ ಮೊದಲು ಸಂಘದ ಬೈಲಾ ತರಿಸಿ ಓದವ್ವಾ" ಅಂದೆ.

"ಬೈಲಾ ಇದೆಯೋ ಇಲ್ವೋ ಗೊತ್ತಿಲ್ಲ" ಅಂದಳು. ಬೈಲಾ ಅಂದರೆ ಸಂಘ ನಡೆಸುವ ನಿಯಮಗಳ ಕಾಗದ. ಆ ಮಾತು ಕೇಳಿ ಇದನ್ನು ಬರೆಯಲು ಕೂತೆ.

ನಾನು ಅಮೆರಿಕದಲ್ಲಿ 11 ವರ್ಷ ಇದ್ದೆ. ಅಲ್ಲಿನ ಒಂದು ಸಣ್ಣ ಕನ್ನಡ ಕಲಾಸಂಘಕ್ಕೆ ಮೊದಲು ಖಜಾಂಚಿ, ಆಮೇಲೆ ಅಧ್ಯಕ್ಷೆ ಆಗಿದ್ದೆ. ಈಗ ದಾವಣಗೆರೆಗೆ ವಾಪಸ್ ಬಂದಿದ್ದೇನೆ. ನಮ್ಮೂರಿನಿಂದ, ಚಿತ್ರದುರ್ಗದ ಕಡೆಯಿಂದ ಅಲ್ಲಿಗೆ ಹೋದ ಮಕ್ಕಳು ಬಹಳ ಜನ. ಹಾಡು, ನಾಟಕ ಅಂದರೆ ಅವರು ಮುಂದೆ ಬಂದೇ ಬರುತ್ತಾರೆ. ಎರಡು ವರ್ಷ ಪಾರ್ಟು ಮಾಡಿದ ಮೇಲೆ ಯಾರಾದರೂ ಕುರ್ಚಿಗೆ ಕರೆಯುತ್ತಾರೆ. ಹಾಗೆ ಕರೆ ಬಂದವರಿಗೆ ಇದು.

ನಮ್ಮ ಕಡೆಯವರಿಗೆ ನಾಟಕ ಹೊಸದಲ್ಲ. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿ ನಮ್ಮೂರಿನದೇ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ 1997ರಲ್ಲಿ ಶುರುವಾದ ಶಿವಸಂಚಾರ ಪ್ರತಿವರ್ಷ ನಾಟಕ ಕಟ್ಟಿಕೊಂಡು ಊರೂರು ತಿರುಗುತ್ತದೆ. ಇದನ್ನೆಲ್ಲ ನೋಡಿ ಬೆಳೆದ ನಮ್ಮ ತಲೆಯಲ್ಲಿ ಸಂಘ ಅಂದರೆ ಒಂದು ಚಿತ್ರ ಇರುತ್ತದೆ. ಕಂಪನಿ ಅಂದರೆ ಯಜಮಾನರು. ಲಾಭವೂ ಅವರದು, ನಷ್ಟವೂ ಅವರದು. ಸಾಣೇಹಳ್ಳಿಯಲ್ಲಿ ಬೆನ್ನಿಗೆ ಮಠ ಇದೆ. ಓಣಿಯ ಗಣಪತಿ ಸಂಘದಲ್ಲಿ ಚಂದಾ ಸಾಲದೆ ಬಂದರೆ ಯಾರೋ ಒಬ್ಬ ಹಿರಿಯರು ಜೇಬಿನಿಂದ ಹಾಕುತ್ತಾರೆ.

ಅಮೆರಿಕದ ಸಂಘಕ್ಕೆ ಯಜಮಾನರಿಲ್ಲ. ಅಲ್ಲಿನ ದುಡ್ಡು ಅಧ್ಯಕ್ಷರದಲ್ಲ, ಸದಸ್ಯರದೂ ಅಲ್ಲ. ಕಲೆಯ ಕೆಲಸಕ್ಕೆ ಅಂತ ಸರ್ಕಾರ ತೆರಿಗೆ ಬಿಟ್ಟಿದೆ, ಆ ದುಡ್ಡನ್ನು ಕಾಯುವುದಷ್ಟೇ ಪದಾಧಿಕಾರಿಗಳ ಕೆಲಸ. ಸಂಘ ಮುಚ್ಚಿಹೋದರೂ ಉಳಿದದ್ದನ್ನು ಹಂಚಿಕೊಳ್ಳುವಂತಿಲ್ಲ. ಅಂಥದೇ ಇನ್ನೊಂದು ಸಂಸ್ಥೆಗೆ ಕೊಡಬೇಕು. ಇದು ಮನಸ್ಸಿಗೆ ಇಳಿದರೆ ಮುಂದಿನ ನಿಯಮಗಳೆಲ್ಲ ಯಾಕೆ ಹಾಗಿವೆ ಅಂತ ತಾನಾಗಿಯೇ ಗೊತ್ತಾಗುತ್ತದೆ.

ನೋಂದಣಿಯ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಊರಲ್ಲಾದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಜನ ಸೇರಿ ಸಂಘ ಮಾಡುತ್ತೇವೆ. ಅಲ್ಲಿ ಎರಡು ಬಾಗಿಲು ದಾಟಬೇಕು. ಮೊದಲನೆಯದು ರಾಜ್ಯದ್ದು. ನಿಮ್ಮ ರಾಜ್ಯದಲ್ಲಿ ಲಾಭರಹಿತ ಸಂಸ್ಥೆ ಅಂತ ದಾಖಲಾಗಬೇಕು. ಎರಡನೆಯದು ಐಆರ್‌ಎಸ್, ಅಂದರೆ ಕೇಂದ್ರದ ತೆರಿಗೆ ಇಲಾಖೆ. ಅವರು 501(ಸಿ)(3), ಅಂದರೆ ತೆರಿಗೆ ವಿನಾಯಿತಿ ಇರುವ ಸಂಸ್ಥೆ, ಅಂತ ಒಪ್ಪಿ ಪತ್ರ ಕೊಡಬೇಕು. ಸಣ್ಣ ಸಂಘಗಳಿಗೆ ಫಾರ್ಮ್ 1023-ಇಝಡ್ ಅಂತ ಚಿಕ್ಕ ಅರ್ಜಿ ಇದೆ, ಶುಲ್ಕ 275 ಡಾಲರ್. ದೊಡ್ಡ ಅರ್ಜಿಗೆ 600 ಡಾಲರ್. ರಾಜ್ಯದ ದಾಖಲೆ ಇದ್ದ ಮಾತ್ರಕ್ಕೆ ದಾನಿಗಳಿಗೆ ತೆರಿಗೆ ವಿನಾಯಿತಿ ಸಿಗುವುದಿಲ್ಲ. ಇದರ ಮೇಲೆ, ಜನರಿಂದ ದೇಣಿಗೆ ಕೇಳುವುದಕ್ಕೇ ಬೇರೆ ನೋಂದಣಿ ಬೇಕು ಅನ್ನುವ ರಾಜ್ಯಗಳೂ ಇವೆ. ಕುರ್ಚಿಯಲ್ಲಿ ಕೂರುವ ಮೊದಲು ಈ ಪತ್ರಗಳನ್ನೆಲ್ಲ ಕೇಳಿ ಪಡೆಯಿರಿ. "ಎಲ್ಲೋ ಇದೆ, ಹುಡುಕಿ ಕೊಡ್ತೀವಿ" ಅಂದರೆ ಹುಡುಕಿ ಕೊಡುವವರೆಗೂ ಕಾಯಿರಿ.

ಇನ್ನು ಅಧಿಕಾರ. ಅಲ್ಲಿ ಅಧ್ಯಕ್ಷರು ಒಬ್ಬರೇ ಏನನ್ನೂ ತೀರ್ಮಾನ ಮಾಡುವಂತಿಲ್ಲ. ತೀರ್ಮಾನ ಮಾಡುವುದು ಬೋರ್ಡ್, ಅಂದರೆ ಆಡಳಿತ ಮಂಡಳಿ. ಅಲ್ಲಿನ ಕಾನೂನು ಬೋರ್ಡಿನ ಪ್ರತಿ ಸದಸ್ಯರ ಮೇಲೂ ಮೂರು ಹೊಣೆ ಹೊರಿಸುತ್ತದೆ. ಕಾಗದ ಓದಿ, ಪ್ರಶ್ನೆ ಕೇಳಿ, ಎಚ್ಚರದಿಂದ ತೀರ್ಮಾನ ಮಾಡಬೇಕು. ಸ್ವಂತ ಲಾಭಕ್ಕಿಂತ ಸಂಘದ ಹಿತ ಮುಂದಿಡಬೇಕು. ಸಂಘ ಯಾವ ಉದ್ದೇಶಕ್ಕೆ ಹುಟ್ಟಿತೋ ಆ ದಾರಿ ಬಿಡಬಾರದು.

ಎರಡನೆಯದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಬೋರ್ಡಿನಲ್ಲಿರುವ ಒಬ್ಬರದು ಹೋಟೆಲ್ ಇದೆ. ರಾಜ್ಯೋತ್ಸವದ ಊಟ ಅವರಿಂದಲೇ ತರಿಸೋಣ ಅಂತ ಮಾತು ಬರುತ್ತದೆ. ತರಿಸಬಹುದು, ತಪ್ಪಿಲ್ಲ. ಆದರೆ ಅವರು "ಇದು ನನ್ನ ಹೋಟೆಲ್" ಅಂತ ಸಭೆಯಲ್ಲಿ ಹೇಳಬೇಕು, ಚರ್ಚೆ ಆಗುವಾಗ ಎದ್ದು ಹೊರಗೆ ಹೋಗಬೇಕು, ಮತ ಹಾಕಬಾರದು. ಬೇರೆ ಎರಡು ಕಡೆಯ ರೇಟ್ ಕೇಳಿರಬೇಕು. ಇಷ್ಟೂ ನಡಾವಳಿಯಲ್ಲಿ ಬರಬೇಕು. ನಮ್ಮವರನ್ನೇ ಹೊರಗೆ ಕಳಿಸುವುದು ಮೊದಲು ನನಗೂ ಸಂಕಟ ಅನಿಸುತ್ತಿತ್ತು. ಆಮೇಲೆ ಆ ಹೋಟೆಲಿನವರೇ ಹೇಳಿದರು: "ಹೀಗೆ ಬರೆದಿಟ್ಟಿದ್ದು ಒಳ್ಳೇದಾಯ್ತು, ನಾಳೆ ಯಾರೂ ನನ್ನ ಕಡೆ ಬೆರಳು ತೋರಿಸಲ್ಲ."

ಸಭೆ ನಡೆಸುವ ರೀತಿಯೂ ಬೇರೆ. ಬಹಳ ಸಂಘಗಳು ರಾಬರ್ಟ್ಸ್ ರೂಲ್ಸ್ ಅನ್ನುವ ಪದ್ಧತಿ ಹಿಡಿಯುತ್ತವೆ. 1876ರಲ್ಲಿ ಅಲ್ಲಿನ ಸೈನ್ಯದ ಅಧಿಕಾರಿಯೊಬ್ಬರು ಬರೆದಿಟ್ಟದ್ದು. ಒಬ್ಬರು ಠರಾವು ಮಂಡಿಸಬೇಕು, ಇನ್ನೊಬ್ಬರು ಅನುಮೋದಿಸಬೇಕು, ಆಮೇಲೆ ಚರ್ಚೆ, ಆಮೇಲೆ ಮತ. ಕೋರಂ, ಅಂದರೆ ಸಭೆ ನಡೆಯಲು ಕನಿಷ್ಠ ಇರಬೇಕಾದ ಜನ, ಎಷ್ಟು ಅಂತ ಬೈಲಾದಲ್ಲಿ ಇರುತ್ತದೆ. ನಮ್ಮದು ಒಂಬತ್ತು ಜನರ ಬೋರ್ಡ್, ಕೋರಂ ಐದು. ಒಂದು ವರ್ಷ ನಾಲ್ಕೇ ಜನ ಸೇರಿ ಹಾಲ್‌ಗೆ ಅಡ್ವಾನ್ಸ್ ಕೊಡುವ ತೀರ್ಮಾನ ಮಾಡಿದೆವು, ಉಳಿದವರು ವಾಟ್ಸಾಪ್‌ನಲ್ಲಿ ಹೆಬ್ಬೆರಳು ಒತ್ತಿದರು. ಅದು ನಡೆಯುವುದಿಲ್ಲ. ಬಹುತೇಕ ರಾಜ್ಯಗಳಲ್ಲಿ ಸಭೆ ಸೇರದೆ ತೀರ್ಮಾನ ಮಾಡಬೇಕಿದ್ದರೆ ಬೋರ್ಡಿನ ಎಲ್ಲರೂ ಬರಹದಲ್ಲಿ ಒಪ್ಪಿಗೆ ಕೊಡಬೇಕು. ಒಬ್ಬರು ಸುಮ್ನೆ ಇದ್ದರೂ ಅದು ತೀರ್ಮಾನ ಅಲ್ಲ.

ದುಡ್ಡಿನ ವಿಷಯ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ನನ್ನ ಮನಸ್ಸಿನಲ್ಲಿ ಇವತ್ತಿಗೂ ಉಳಿದಿರುವ ನೋವು ಅದರದ್ದೇ.

ನಾನು ಖಜಾಂಚಿಯಾದ ಮೊದಲ ವರ್ಷ ಒಂದು ಸಾಮಾಜಿಕ ನಾಟಕ ಕಟ್ಟಿದೆವು. ನಾಟಕದ ಮುಖ್ಯ ಪಾರ್ಟು ಮಾಡುತ್ತಿದ್ದ ಗೆಳತಿಯೇ ಓಡಾಟವನ್ನೂ ಹೊತ್ತುಕೊಂಡಳು. ಟಿಕೆಟ್ ದುಡ್ಡು ಫೋನಿನಲ್ಲೇ ಹಣ ಕಳಿಸುವ ಝೆಲ್‌ನಲ್ಲಿ ನೇರ ಅವಳ ಖಾತೆಗೆ ಬರಲಿ, ಬೇಗ ಆಗುತ್ತದೆ ಅಂದೆವು. ಡ್ರೆಸ್ಸು, ಮೈಕು, ಪರದೆ, ತಾಲೀಮಿನ ದಿನದ ಊಟ ಎಲ್ಲ ಅವಳ ಕಾರ್ಡಿನಲ್ಲೇ ಹೋಯಿತು. "ಸಂಘದ ಖಾತೆಗೆ ಹಾಕಿಸಿ ಆಮೇಲೆ ಕೊಡೋಣ" ಅಂತ ನಾನು ಒಂದು ಮಾತು ಹೇಳಬೇಕಿತ್ತು. ಹೇಳಲಿಲ್ಲ. "ಇರ್ಲಿ ಬಿಡಿ, ನಮ್ಮವರೇ ಅಲ್ವಾ" ಅಂದೆ.

ಮೂರು ತಿಂಗಳಾದ ಮೇಲೆ ಸಾಮಾನ್ಯ ಸಭೆಯಲ್ಲಿ ಒಬ್ಬರು ಲೆಕ್ಕ ಕೇಳಿದರು. ಕೇಳುವುದು ಅವರ ಹಕ್ಕು. ಅವಳು ಒಂದು ಚಪ್ಪಲಿ ಡಬ್ಬಿ ತಂದು ಮೇಜಿನ ಮೇಲಿಟ್ಟಳು. ಅದರ ತುಂಬ ಬಿಲ್. ಅರ್ಧಕ್ಕರ್ಧ ಬಿಲ್‌ಗಳ ಅಕ್ಷರ ಮಾಸಿ ಬರೀ ಬಿಳಿ ಕಾಗದ ಆಗಿತ್ತು. ಅವಳು ಅವನ್ನು ಒಂದೊಂದಾಗಿ ಲೈಟಿನ ಕಡೆ ಹಿಡಿದು ಓದಲು ನೋಡುತ್ತಿದ್ದಳು. ಸಂಘದ ಒಂದು ಡಾಲರ್ ಕೂಡ ಅವಳು ಮುಟ್ಟಿರಲಿಲ್ಲ. ತನ್ನ ಕೈಯಿಂದಲೇ ಹಾಕಿದ್ದಳು ಅಂತ ನನಗೆ ಗೊತ್ತು. ಆದರೆ ತೋರಿಸಲು ಆಗಲಿಲ್ಲ. ಅವತ್ತಿನಿಂದ ಅವಳು ತಾಲೀಮಿಗೆ ಬರಲಿಲ್ಲ. ಅವಳು ಕಾಗದ ಇಡುವ ಹಾಗೆ ನೋಡಿಕೊಳ್ಳಬೇಕಾದವಳು ನಾನು. ಖಜಾಂಚಿ ನಾನಾಗಿದ್ದೆ.

ಅದಕ್ಕೇ ಹೇಳುತ್ತೇನೆ. ಸಂಘದ ಹೆಸರಿನಲ್ಲೇ ಬ್ಯಾಂಕ್ ಖಾತೆ ಇರಲಿ. ದೊಡ್ಡ ಮೊತ್ತಕ್ಕೆ ಇಬ್ಬರ ಒಪ್ಪಿಗೆ ಬೇಕು ಅಂತ ಮಾಡಿ. ಟಿಕೆಟ್ ದುಡ್ಡು ಯಾರ ಸ್ವಂತ ಖಾತೆಗೂ ಹೋಗಬಾರದು, ಒಂದು ದಿನದ ಮಟ್ಟಿಗೂ ಬೇಡ. ಬಿಲ್ ಕೈಗೆ ಬಂದ ಕೂಡಲೇ ಫೋನಿನಲ್ಲಿ ಫೋಟೋ ತೆಗೆದು ಯಾವುದಕ್ಕೆ ಅಂತ ಒಂದು ಸಾಲು ಬರೆದು ಖಜಾಂಚಿಗೆ ಕಳಿಸಿ. ಬ್ಯಾಂಕ್ ಸ್ಟೇಟ್‌ಮೆಂಟನ್ನು ಖಜಾಂಚಿ ಅಲ್ಲದ ಇನ್ನೊಬ್ಬರೂ ಪ್ರತಿ ತಿಂಗಳು ನೋಡಲಿ.

ದಾನಿಗಳ ರಸೀದಿಗೂ ಲೆಕ್ಕ ಇದೆ. 250 ಡಾಲರ್ ಅಥವಾ ಮೇಲೆ ಕೊಟ್ಟವರಿಗೆ ಸಂಘದಿಂದ ಬರಹದ ಪತ್ರ ಹೋಗಲೇಬೇಕು, ಇಲ್ಲದಿದ್ದರೆ ಅವರಿಗೆ ತೆರಿಗೆ ವಿನಾಯಿತಿ ಸಿಗದು. ದುಡ್ಡಿಗೆ ಬದಲಾಗಿ ಏನಾದರೂ ಕೊಟ್ಟರೆ ಅದನ್ನು ಕಳೆಯಬೇಕು. 100 ಡಾಲರ್ ಕೊಟ್ಟವರಿಗೆ 30 ಡಾಲರ್ ಬೆಲೆಯ ಊಟ ಹಾಕಿದಿರಿ ಅನ್ನಿ. ದೇಣಿಗೆ ಅಂತ ಲೆಕ್ಕಕ್ಕೆ ಬರುವುದು 70 ಮಾತ್ರ. ಇಂಥ ಕಡೆ ಕೊಟ್ಟದ್ದು 75 ಡಾಲರ್ ದಾಟಿದರೆ ಇದನ್ನು ನೀವೇ ಬರೆದು ತಿಳಿಸಬೇಕು. ಸ್ವಯಂಸೇವಕರ ಸಮಯಕ್ಕೆ ವಿನಾಯಿತಿ ಇಲ್ಲ, ಎಷ್ಟೇ ರಾತ್ರಿ ತಾಲೀಮು ಮಾಡಿಸಿದ್ದರೂ. ಸಂಘದ ಕೆಲಸಕ್ಕೆ ಓಡಿಸಿದ ಕಾರಿಗೆ ಮೈಲಿಗೆ 14 ಸೆಂಟ್ ಲೆಕ್ಕ ಹಿಡಿಯಬಹುದು. ಮತ್ತೆ, ನಮ್ಮ ಹುಡುಗರು ಕೆಲಸ ಮಾಡುವ ಐಟಿ ಕಂಪನಿಗಳಲ್ಲಿ ಅನೇಕ ಕಡೆ ನೌಕರರು ಕೊಟ್ಟ ದೇಣಿಗೆಗೆ ಕಂಪನಿಯೂ ಅಷ್ಟೇ ಸೇರಿಸುತ್ತದೆ. ಸಣ್ಣ ಸಂಘಕ್ಕೆ ಇದು ದೊಡ್ಡ ಆಸರೆ. 501(ಸಿ)(3) ಪತ್ರ ಸರಿಯಾಗಿ ಇರಬೇಕು ಅಷ್ಟೇ.

ಆ ಪತ್ರ ಕೈತಪ್ಪುವುದು ಹೇಗೆ ಅಂತ ನಾನು ಹತ್ತಿರದಿಂದ ನೋಡಿದ್ದೇನೆ. ಪ್ರತಿವರ್ಷ ಐಆರ್‌ಎಸ್‌ಗೆ ವರದಿ ಹೋಗಬೇಕು. ವರಮಾನ ಸಾಮಾನ್ಯವಾಗಿ 50,000 ಡಾಲರ್ ಒಳಗಿರುವ ಸಂಘಕ್ಕೆ ಫಾರ್ಮ್ 990-ಎನ್ ಸಾಕು. ಆನ್‌ಲೈನ್‌ನಲ್ಲಿ ಎಂಟು ವಿವರ ತುಂಬುವುದು, ಹತ್ತು ನಿಮಿಷದ ಕೆಲಸ. ಲೆಕ್ಕದ ವರ್ಷ ಮುಗಿದು ಐದನೇ ತಿಂಗಳ 15ರೊಳಗೆ ಕೊಡಬೇಕು. ಜನವರಿಯಿಂದ ಡಿಸೆಂಬರ್ ಲೆಕ್ಕ ಇಟ್ಟವರಿಗೆ ಮೇ 15. ಸತತ ಮೂರು ವರ್ಷ ಕೊಡದಿದ್ದರೆ ವಿನಾಯಿತಿ ತಾನಾಗಿಯೇ ರದ್ದಾಗುತ್ತದೆ. ಮತ್ತೆ ಅರ್ಜಿ, ಮತ್ತೆ ಶುಲ್ಕ.

ನಾನು ಅಧ್ಯಕ್ಷೆಯಾದಾಗ ಎರಡು ವರ್ಷದ ವರದಿ ಹೋಗಿರಲಿಲ್ಲ. ಐಆರ್‌ಎಸ್‌ ಕಾಗದಗಳು ಹಿಂದಿನ ಒಬ್ಬ ಅಧ್ಯಕ್ಷರ ಹಳೇ ಮನೆಗೆ ಹೋಗುತ್ತಿದ್ದವು. ಅವರು ಟೆಕ್ಸಾಸ್‌ಗೆ ಹೋಗಿ ನಾಲ್ಕು ವರ್ಷವಾಗಿತ್ತು. ಪ್ರತಿವರ್ಷ ಕುರ್ಚಿ ಬದಲಾಗುವ ಸಂಘಗಳಲ್ಲಿ ಹೀಗೆ ಆಗುವುದು ಸುಲಭ. ಹೊಸ ಅಧ್ಯಕ್ಷರು ಬಂದಾಗ ಫಾರ್ಮ್ 8822-ಬಿ ತುಂಬಿ ವಿಳಾಸವನ್ನೂ ಹೊಣೆಗಾರರ ಹೆಸರನ್ನೂ ಬದಲಿಸಬೇಕು. ಹೊಣೆಗಾರರು ಬದಲಾದ 60 ದಿನದೊಳಗೆ ಅದು ಹೋಗಬೇಕು. ಇವತ್ತೇ ಐಆರ್‌ಎಸ್ ಜಾಲತಾಣದಲ್ಲಿ ನಿಮ್ಮ ಸಂಘದ ಹೆಸರು ಹಾಕಿ ನೋಡಿ, ರದ್ದಾಗಿದ್ದರೆ ಅಲ್ಲೇ ಕಾಣುತ್ತದೆ. ರಾಜ್ಯಕ್ಕೆ ಕೊಡುವ ವರದಿ ಬೇರೆ, ಅದನ್ನೂ ಮರೆಯಬೇಡಿ.

ವೀಸಾ ಬಗ್ಗೆ ಎಲ್ಲರೂ ಕೇಳುತ್ತಾರೆ. ಎಚ್-1ಬಿ ಅನ್ನುವ ಕೆಲಸದ ವೀಸಾದಲ್ಲಿ ಇರುವವರು ಸಂಘದಲ್ಲಿ ಸಂಬಳವಿಲ್ಲದೆ ಸೇವೆ ಮಾಡಬಹುದು. ಆದರೆ ಗೌರವಧನ ಅಂತ ಒಂದು ಕವರ್ ಕೂಡ ಮುಟ್ಟಬೇಡಿ. ಅನುಮಾನ ಇದ್ದರೆ ವೀಸಾ ವಕೀಲರನ್ನು ಕೇಳಿ. ಊರಿನಿಂದ ಡೊಳ್ಳು ಅಥವಾ ವೀರಗಾಸೆ ತಂಡ ಕರೆಸುವಾಗಲೂ ಹುಷಾರು. ಪ್ರವಾಸಿ ವೀಸಾದಲ್ಲಿ ಬಂದವರಿಗೆ ದುಡ್ಡು ಕೊಟ್ಟು ಕುಣಿಸುವಂತಿಲ್ಲ. ಇಂಥ ಕಲೆಗಳಿಗೆ ಅಂತಲೇ ಪಿ-3 ವೀಸಾ ಇದೆ. ಅಲ್ಲಿನ ಸಂಸ್ಥೆಯೇ ಫಾರ್ಮ್ ಐ-129 ಅರ್ಜಿ ಹಾಕಬೇಕು, ಕಾಗದಪತ್ರ ಬಹಳ. ನವೆಂಬರ್ ಕಾರ್ಯಕ್ರಮಕ್ಕೆ ಯುಗಾದಿ ಹೊತ್ತಿಗೇ ಶುರು ಮಾಡಿದರೆ ನಮ್ಮ ಕಲಾವಿದರು ಕೊನೇ ಗಳಿಗೆಯಲ್ಲಿ ಪರದಾಡುವುದು ತಪ್ಪುತ್ತದೆ.

ರಾಜಕೀಯದ ಮಾತು ಚಿಕ್ಕದು. ನಮ್ಮೂರಲ್ಲಿ ವೇದಿಕೆ ಮೇಲೆ ಶಾಸಕರು ಕೂತು ಅಲ್ಲೇ ದೇಣಿಗೆ ಘೋಷಿಸುವುದು ರೂಢಿ. ಅಲ್ಲಿ 501(ಸಿ)(3) ಸಂಘ ಯಾವ ಅಭ್ಯರ್ಥಿಯ ಪರವೂ ವಿರುದ್ಧವೂ ಪ್ರಚಾರ ಮಾಡುವಂತಿಲ್ಲ. ಮೇಯರನ್ನು ಅತಿಥಿಯಾಗಿ ಕರೆಯಬಹುದು. ನಿಮ್ಮ ಮೈಕಿನಲ್ಲಿ ಅವರು ಓಟು ಕೇಳಬಾರದು. ಮೊದಲೇ ಫೋನಿನಲ್ಲಿ ಮರ್ಯಾದೆಯಿಂದ ಹೇಳಿಬಿಡಿ.

ಹಾಲ್ ಹಿಡಿಯುವಾಗ ವಿಮೆಯ ಪ್ರಮಾಣಪತ್ರ ಕೇಳುತ್ತಾರೆ. ಬಹಳಷ್ಟು ಶಾಲೆಗಳ ಸಭಾಂಗಣದಲ್ಲಿ ಬೆಂಕಿ ಹಚ್ಚಲು ಬಿಡುವುದಿಲ್ಲ. ದೀಪ ಬೆಳಗಿಸಬೇಕಿದ್ದರೆ ಮೊದಲೇ ಅನುಮತಿ ತೆಗೆದುಕೊಳ್ಳಿ, ಸಿಗದಿದ್ದರೆ ಬ್ಯಾಟರಿ ದೀಪ ತನ್ನಿ. ಮಕ್ಕಳಿಗೆ ಕಲಿಸುವವರ ಹಿನ್ನೆಲೆ ತಪಾಸಣೆ ಮಾಡಿಸಿ, ಎಷ್ಟು ವರ್ಷದ ಪರಿಚಯ ಇದ್ದರೂ. ಮಕ್ಕಳ ಜೊತೆ ಒಬ್ಬರೇ ದೊಡ್ಡವರು ಇರುವ ಹಾಗೆ ಬಿಡಬೇಡಿ. 1997ರ ಸ್ವಯಂಸೇವಕರ ರಕ್ಷಣಾ ಕಾಯ್ದೆ ಸಣ್ಣಪುಟ್ಟ ತಪ್ಪಿಗೆ ನಿಮ್ಮನ್ನು ಕಾಯುತ್ತದೆ, ಘೋರ ನಿರ್ಲಕ್ಷ್ಯಕ್ಕೆ ಕಾಯುವುದಿಲ್ಲ.

ಕೊನೆಗೆ ಕುರ್ಚಿ ಬಿಡುವ ದಿನ. ಬೈಲಾ, ಐಆರ್‌ಎಸ್ ಪತ್ರ, ನಡಾವಳಿ, ಪಾಸ್‌ವರ್ಡುಗಳು ಎಲ್ಲ ಮುಂದಿನವರ ಕೈಗೆ ಹೋಗಬೇಕು. ಬ್ಯಾಂಕಿನಲ್ಲಿ ಸಹಿದಾರರನ್ನು ಬದಲಿಸಲು ಹೋಗುವಾಗ ಹೊಸ ಪದಾಧಿಕಾರಿಗಳ ಆಯ್ಕೆಯ ನಡಾವಳಿಗೆ ಕಾರ್ಯದರ್ಶಿಯ ಸಹಿ ಹಾಕಿಸಿಕೊಂಡು ಹೋಗಿ. ಬರಿಗೈಯಲ್ಲಿ ಹೋಗಿ ನಾನು ಎರಡು ಸಲ ವಾಪಸ್ ಬಂದಿದ್ದೇನೆ.

ಮೊನ್ನೆ ಅಕ್ಕನ ಮಗಳ ಮೆಸೇಜ್ ಬಂತು. ಬೈಲಾ ಸಿಕ್ಕಿತಂತೆ, ಯಾರದೋ ಹಳೇ ಇಮೇಲಿನಲ್ಲಿತ್ತಂತೆ. ಅಧ್ಯಕ್ಷರ ಅವಧಿ ಒಂದು ವರ್ಷ ಅಂತ ಅವಳಿಗೆ ಹೇಳಿದ್ದರು, ಅದರಲ್ಲಿ ಎರಡು ವರ್ಷ ಅಂತಿದೆ. ಈ ಭಾನುವಾರ ಅವಳು ಅಲ್ಲಿ, ನಾನು ಇಲ್ಲಿ, ಇಬ್ಬರೂ ಕೂತು ಮೊದಲ ಪುಟದಿಂದ ಓದುತ್ತೇವೆ.